ಒಮ್ಮೆ ಏಳುವ, ಒಮ್ಮೆ ಏಳದ ಯಂತ್ರ

ಕಳೆದ ಕೆಲವು ತಿಂಗಳೊಳಗೆ ಒಂದೇ ಬಗೆಯ ತೊಂದರೆಯನ್ನು ಹೇಳುವ ಮೂರು ಪತ್ರಗಳು ವಾಚಕರಿಂದ ನಮಗೆ ಬಂದಿರುತ್ತವೆ. ಒಂದು ಬಾದಾಮಿಯದು, ಒಂದು ಹುನಗುಂದದ್ದು, ಮತ್ತೊಂದು ಇಳಕಲ್ಲಿನದು. ಮೂರೂ ಮನೆಗಳಲ್ಲಿ ಮೇಜಿನ ಮೇಲಿಟ್ಟು ಬಳಸುವ ಡೆಸ್ಕ್‌ಟಾಪ್ ಕಂಪ್ಯೂಟರುಗಳಿರುವವು. ಮೂರರಲ್ಲಿಯೂ ಒಂದಕ್ಕಿಂತ ಹೆಚ್ಚು ಡಿಸ್ಕುಗಳಿರುವವು. ಗುಂಡಿಯನ್ನು ಒತ್ತಿದರೆ ಯಂತ್ರವು ಒಂದು ದಿನ ನೆಟ್ಟಗೆ ಏಳುವದು. ಮತ್ತೊಂದು ದಿನ, ಆರಂಭಿಸತಕ್ಕ ಡಿಸ್ಕು ಸಿಕ್ಕಲಿಲ್ಲವೆಂಬ ಅರ್ಥದ ಇಂಗ್ಲಿಷು ಸಾಲೊಂದನ್ನು ಕಪ್ಪು ಪರದೆಯ ಮೇಲೆ ತೋರಿಸಿ ಸುಮ್ಮನೆ ನಿಲ್ಲುವದು. ಆರಿಸಿ ಮತ್ತೆ ಹಚ್ಚಿದರೆ ಏನೂ ಆಗಿಯೇ ಇಲ್ಲವೆಂಬಂತೆ ನಡೆಯುವದು. ಇದಕ್ಕೆ ಕಾರಣವೇನು, ಮಾಡತಕ್ಕದ್ದೇನು ಎಂದು ಮೂವರೂ ಕೇಳಿರುವರು.

ಪೂರ್ತಿಯಾಗಿ ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವದು ಸುಲಭ. ನಾವು ಹುಡುಕುವಷ್ಟು ಹೊತ್ತೂ ಅದರ ದೋಷವು ಎದುರಿಗೇ ನಿಂತಿರುವದು. ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರದ ಪಾಡು ಹಾಗಲ್ಲ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಆಯುರ್ವೇದದಲ್ಲಿ ವಿಷಮಜ್ವರವೆಂದು ಹೆಸರು. ವೈದ್ಯನು ಮನೆಗೆ ಬರುವ ಹೊತ್ತಿಗೆ ಅದು ಇಳಿದಿರುವದು. ಅವನು ಹೊಸ್ತಿಲು ದಾಟಿ ಹೋದ ಮೇಲೆ ಮತ್ತೆ ಏರುವದು. ಕಂಪ್ಯೂಟರನ್ನು ದುರಸ್ತಿಯ ಅಂಗಡಿಗೆ ಒಯ್ದಾಗ ಆಗುವದೂ ಇದೇ. ಅಲ್ಲಿ ಅದು ಹತ್ತು ಸಲ ಒತ್ತಿದರೆ ಹತ್ತು ಸಲವೂ ಏಳುವದು; ಮನೆಗೆ ತಂದ ಮರುದಿನ ಮುಂಜಾನೆ ಮತ್ತೆ ಮಲಗುವದು.

ಇಂಥ ದೋಷದಲ್ಲಿ ಇನ್ನೊಂದು ಮೋಸವುಂಟು. ಕಾಗೆಯು ತಾಳೆಯ ಮರದ ಮೇಲೆ ಬಂದು ಕೂಡುವದೂ ಹಣ್ಣು ಬೀಳುವದೂ ಒಂದೇ ಗಳಿಗೆಯಲ್ಲಿ ಆದರೆ, ಕಾಗೆಯೇ ಹಣ್ಣನ್ನು ಕೆಡವಿತೆಂದು ನೋಡಿದವನು ತಿಳಿಯುವನು. ಇದಕ್ಕೆ ಕಾಕತಾಲೀಯ ನ್ಯಾಯವೆನ್ನುವರು. ತಾನಾಗಿಯೇ ಮೂರು ನಾಲ್ಕು ದಿನ ಸರಿಯಾಗಿರುವ ಯಂತ್ರಕ್ಕೆ ಅದರ ಹಿಂದಿನ ದಿನ ಯಾರು ಏನು ಮಾಡಿದ್ದರೂ ಅದೇ ಮದ್ದೆಂದು ತೋರುವದು. ಒಬ್ಬನು ಧೂಳನ್ನು ಊದಿರುವನು, ಒಬ್ಬನು ವಿಂಡೋಸನ್ನು ಹೊಸದಾಗಿ ಹಾಕಿರುವನು, ಮತ್ತೊಬ್ಬನು ಒಂದು ಭಾಗವನ್ನು ಬದಲಿಸಿರುವನು. ಮೂವರೂ ತಮ್ಮಿಂದಲೇ ಗುಣವಾಯಿತೆನ್ನುವರು. ಐದನೆಯ ದಿನ ಮೂವರ ಮಾತೂ ಸುಳ್ಳಾಗುವದು. ದುಡ್ಡು ಮಾತ್ರ ಮೂರು ಸಲ ಖರ್ಚಾಗಿರುವದು.

ಆದದರಿಂದ ಮೊದಲು ಯಂತ್ರವು ಏಳುವ ಕ್ರಮವನ್ನು ತಿಳಿಯೋಣ. ನಾವು ಶಾಲೆಯಲ್ಲಿ ಆಯುಷ್ಯವನ್ನು ಕಳೆದವರಾದದರಿಂದ ಶಾಲೆಯ ದೃಷ್ಟಾಂತವನ್ನೇ ಕೊಡುವೆವು. ಗುಂಡಿಯನ್ನು ಒತ್ತುವದೆಂದರೆ ಗಂಟೆ ಬಾರಿಸಿದಂತೆ. ಆಗ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯು ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವದು. ತನ್ನ ಪ್ರವಾಹವು ಸ್ಥಿರವಾದೊಡನೆ ‘ಸರಿಯಿದೆ’ ಎಂಬ ಸಂಜ್ಞೆಯನ್ನು ಕೊಡುವದು. ಆ ಮೇಲೆ ಬಯಾಸ್ ಎಂಬ ಪುಟ್ಟ ಕ್ರಮವಿಧಿಯು ಮುಖ್ಯೋಪಾಧ್ಯಾಯನಂತೆ ಎದ್ದು ಹಾಜರಿಯನ್ನು ತೆಗೆದುಕೊಳ್ಳುವದು: ಗಣಕದ ಮಿದುಳು ಇದೆಯೇ, ನೆನಪಿನ ಪಟ್ಟಿ ಇದೆಯೇ, ಡಿಸ್ಕುಗಳು ಯಾವವು ಬಂದಿವೆ ಎಂದು. ಕಡೆಗೆ, ಯಾವ ಡಿಸ್ಕಿನಿಂದ ಪಾಠವನ್ನು ಆರಂಭಿಸಬೇಕೆಂದು ತನ್ನಲ್ಲಿ ಬರೆದಿಟ್ಟ ಪಟ್ಟಿಯನ್ನು ನೋಡಿ, ಆ ಡಿಸ್ಕಿನಲ್ಲಿರುವ ಆರಂಭದ ತುಣುಕನ್ನು ಓದುವದು. ಆ ತುಣುಕೇ ವಿಂಡೋಸನ್ನು ಎಬ್ಬಿಸುವದು.

ಈ ಹಾಜರಿಯು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವದು. ತಡವಾಗಿ ಬಂದ ಹುಡುಗನು ಆ ದಿನ ಗೈರುಹಾಜರು. ಮುಖ್ಯೋಪಾಧ್ಯಾಯನು ಅವನ ದಾರಿಯನ್ನು ಕಾಯುವದಿಲ್ಲ.

ಡಿಸ್ಕುಗಳಲ್ಲಿ ತಡಮಾಡುವ ಜಾತಿ ಯಾವದೆಂದರೆ ಹಾರ್ಡ್‌ಡಿಸ್ಕು. ಇದು ಹೊಸ ವಸ್ತುವೇನಲ್ಲ. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರಡಿಸಿದ ಮೊದಲಿನ ಹಾರ್ಡ್‌ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ ೫೦ ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದದ್ದು ಸುಮಾರು ೫೦ ಲಕ್ಷ ಅಕ್ಷರಗಳು ಮಾತ್ರ. ಇಂದಿನದು ಅಂಗೈಯಗಲದ್ದಾದರೂ ಒಳಗೆ ತಿರುಗುವ ತಟ್ಟೆಗಳು ಇದ್ದೇ ಇರುವವು. ಅವು ನಿಮಿಷಕ್ಕೆ ೫,೪೦೦ ಇಲ್ಲವೆ ೭,೨೦೦ ಸುತ್ತು ತಿರುಗಬೇಕು. ನಿಂತ ಬಂಡಿಯನ್ನು ಕದಲಿಸಲು ಎತ್ತು ಹೆಚ್ಚು ಜಗ್ಗಬೇಕಾಗುವಂತೆ, ನಿಂತ ತಟ್ಟೆಯನ್ನು ತಿರುಗಿಸಲು ಆರಂಭದ ಕೆಲವು ಸೆಕೆಂಡು ಒಂದೊಂದು ಡಿಸ್ಕಿಗೂ ಇಪ್ಪತ್ತು-ಇಪ್ಪತ್ತೈದು ವ್ಯಾಟ್ ಬೇಕಾಗುವದು. ತಿರುಗುವದಕ್ಕೆ ಹತ್ತಿದ ಮೇಲೆ ಅದರ ಮೂರನೆಯ ಒಂದು ಪಾಲು ಸಾಕು. ಎಸ್.ಎಸ್.ಡಿ. ಎಂಬ ಹೊಸ ಜಾತಿಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯಿಲ್ಲ. ಅದು ಗಂಟೆ ಬಾರಿಸಿದೊಡನೆ ಹಾಜರು. ಒಂದೇ ಪೆಟ್ಟಿಗೆಯಲ್ಲಿ ಎರಡು ಜಾತಿಯವನ್ನೂ ಇಟ್ಟುಕೊಂಡ ಮನೆಗಳಲ್ಲಿಯೇ ಈ ತೊಡಕು ಹೆಚ್ಚು.

ಕಾರಣವನ್ನು ಹುಡುಕುವ ಮೊದಲು ಮಾಡತಕ್ಕ ಕೆಲಸವೊಂದಿದೆ. ಯಂತ್ರವು ಎದ್ದ ದಿನವೇ, ಬೇರೆ ಏನನ್ನೂ ಮುಟ್ಟದೆ, ಬೇಕಾದ ಕಾಗದ-ಪತ್ರ, ಲೆಕ್ಕ, ಚಿತ್ರಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ನಕಲಾಯಿತೆಂದು ಪರದೆಯು ಹೇಳಿದರೆ ಸಾಲದು. ಆ ಡಿಸ್ಕನ್ನು ಇನ್ನೊಬ್ಬರ ಕಂಪ್ಯೂಟರಿಗೆ ಹಚ್ಚಿ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ಯಂತ್ರದ ಬೆಲೆ ಅಂಗಡಿಯಲ್ಲಿ ಸಿಕ್ಕೀತು. ಒಳಗಿರುವದರ ಬೆಲೆ ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಎರಡನೆಯದಾಗಿ, ಒಂದು ನಾಲ್ಕಾಣೆಯ ಪುಸ್ತಕವಾದರೂ ಸರಿ, ಅದರಲ್ಲಿ ದಿನಾಲು ಬರೆಯಬೇಕು: ತಾರೀಖು, ಹೊತ್ತು, ಯಂತ್ರವು ರಾತ್ರಿಯೆಲ್ಲ ಆರಿತ್ತೋ, ಈಗಷ್ಟೇ ನಡೆಯುತ್ತಿತ್ತೋ, ಎದ್ದಿತೋ ಇಲ್ಲವೋ, ಏಳದಿದ್ದರೆ ಪರದೆಯ ಮೇಲೆ ಇದ್ದ ಸಾಲು ಯಾವದು, ಬಯಾಸಿನ ಪಟ್ಟಿಯಲ್ಲಿ ಯಾವ ಡಿಸ್ಕು ಕಾಣಲಿಲ್ಲ. ‘ರೀಸ್ಟಾರ್ಟ್’ ಮಾಡಿ ಎದ್ದಿತೆಂದರೆ ಅದು ಪರೀಕ್ಷೆಯಾಗಲಿಲ್ಲ. ಆಗ ತಟ್ಟೆಗಳು ನಿಂತೇ ಇರುವದಿಲ್ಲ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ ಮುಂಜಾನೆ ಹಚ್ಚಿದ್ದೇ ನಿಜವಾದ ಪರೀಕ್ಷೆ.

ಬಾದಾಮಿಯ ವಾಚಕರಿಗೆ ಈ ಪುಸ್ತಕದ ಮೊದಲ ಪುಟದಲ್ಲಿಯೇ ಉತ್ತರವು ದೊರಕಿತು. ಯಂತ್ರವು ಏಳದ ದಿನಗಳಲ್ಲೆಲ್ಲ ಅದರ ಗಡಿಯಾರವು ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ೩ ವೋಲ್ಟಿನ ಬ್ಯಾಟರಿಯೊಂದಿರುವದು, ಸಿ.ಆರ್. ೨೦೩೨ ಎಂದು ಅದರ ಗುರುತು. ಗೋಡೆಯ ವಿದ್ಯುತ್ತು ಇಲ್ಲದಾಗ ತಾರೀಖನ್ನು ಕಾಯುವದು ಅದೇ. ಹಲವು ಯಂತ್ರಗಳಲ್ಲಿ ಡಿಸ್ಕುಗಳ ಸರದಿಯನ್ನು ನೆನಪಿಡುವದೂ ಅದೇ. ಅದು ಸೋತು, ವಿದ್ಯುತ್ತು ಹೋದ ರಾತ್ರಿಗಳಲ್ಲಿ ಯಂತ್ರವು ಸರದಿಯನ್ನು ಮರೆತು, ಲೆಕ್ಕದ ಡಿಸ್ಕಿನಲ್ಲಿ ವಿಂಡೋಸನ್ನು ಹುಡುಕುತ್ತಿತ್ತು. ಬಲ್ಲವರು ಹೊಸ ಬ್ಯಾಟರಿಯನ್ನು ಹಾಕಿ, ತಾರೀಖನ್ನೂ ಸರದಿಯನ್ನೂ ಮತ್ತೆ ಬರೆದ ಮೇಲೆ ತೊಂದರೆಯು ನಿಂತಿತು.

ಹುನಗುಂದದ ವಾಚಕರ ಯಂತ್ರವು ಮೇಜನ್ನು ಸರಿಸಿದಾಗ, ಕಸ ಗುಡಿಸುವವರ ಕೈ ತಾಕಿದಾಗ ಹೆಚ್ಚಾಗಿ ಕೈಕೊಡುತ್ತಿತ್ತು. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವದು. ಅದಕ್ಕೆ ಸ್ಮಾರ್ಟ್ ಎಂದು ಹೆಸರು, ಅದನ್ನು ಓದಿ ತೋರಿಸುವ ಸಾಧನಗಳು ಪುಕ್ಕಟೆಯಾಗಿ ಸಿಕ್ಕುವವು. ಆ ಲೆಕ್ಕದ ೫ನೆಯ ಮತ್ತು ೧೯೭ನೆಯ ಬಾಬುಗಳು ಏರುತ್ತಿದ್ದರೆ ಡಿಸ್ಕಿನ ತಟ್ಟೆಯೇ ಕೆಡುತ್ತಿದೆಯೆಂದು ತಿಳಿಯಬೇಕು. ೧೯೯ನೆಯದು ಮಾತ್ರ ಏರುತ್ತಿದ್ದರೆ ಬಹುತರ ದೋಷವು ಡಿಸ್ಕಿನಲ್ಲಿಲ್ಲ, ಅದಕ್ಕೆ ಹೋಗುವ ಕೇಬಲ್ಲಿನಲ್ಲಿರುವದು. ಇವರಲ್ಲಿ ಏರಿದ್ದು ೧೯೯ನೆಯದು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುವರೆಂಬದನ್ನು ಈ ಕಡೆಯ ಹೆಣ್ಣುಮಕ್ಕಳು ಬಲ್ಲರು. ಕೊಂಡಿಯು ಸಡಿಲಾದರೆ ಮೈಯ ತಪ್ಪೂ ಅಲ್ಲ, ಸೆರಗಿನ ತಪ್ಪೂ ಅಲ್ಲ. ಹೊಸ ಡಿಸ್ಕನ್ನು ಕೊಳ್ಳಲಿದ್ದವರಿಗೆ ಒಂದು ಕೇಬಲ್ಲಿನ ಖರ್ಚಿನಲ್ಲಿ ಕೆಲಸವಾಯಿತು.

ಇನ್ನು ಇಳಕಲ್ಲಿನ ಪತ್ರ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಬರೆದವರು ಸೀರೆಯ ವ್ಯಾಪಾರದ ಗೃಹಸ್ಥರು. ಇವರ ಯಂತ್ರದಲ್ಲಿ ಮೂರು ಡಿಸ್ಕುಗಳು: ವಿಂಡೋಸ್ ಇರುವ ಎಸ್.ಎಸ್.ಡಿ. ಒಂದು, ಅಂಗಡಿಯ ಲೆಕ್ಕದ ಹಾರ್ಡ್‌ಡಿಸ್ಕು ಒಂದು, ಎಲ್ಲಕ್ಕೂ ಹಳೆಯದಾದ, ಮನೆಯ ಚಿತ್ರಗಳೂ ಧ್ವನಿಗಳೂ ಇರುವ ಹಾರ್ಡ್‌ಡಿಸ್ಕು ಮತ್ತೊಂದು. ಆ ಹಳೆಯದರಲ್ಲಿ ಇವರ ತಾಯಿಯವರು ಹಾಡಿದ ಬೀಸುವ ಕಲ್ಲಿನ ಪದಗಳಿದ್ದವು. ತಾಯಿಯವರು ಈಗಿಲ್ಲ, ಆ ಪದಗಳ ಇನ್ನೊಂದು ಪ್ರತಿಯೂ ಇರಲಿಲ್ಲ. ಯಂತ್ರವು ನಾಲ್ಕು ಮುಂಜಾವಿಗೊಮ್ಮೆ ಏಳದಾಗಿತ್ತು. ದುರಸ್ತಿಯವರೊಬ್ಬರು ವಿಂಡೋಸನ್ನು ಹೊಸದಾಗಿ ಹಾಕಿದರು. ನಾಲ್ಕು ದಿನ ನಡೆದು ಮತ್ತೆ ನಿಂತಿತು. ಮತ್ತೊಬ್ಬರು ಎಸ್.ಎಸ್.ಡಿ.ಯನ್ನು ಬದಲಿಸಿದರು, ಅದೇ ಪಾಡು. ಮೂರನೆಯವರು, ಎಲ್ಲ ಡಿಸ್ಕುಗಳನ್ನೂ ಅಳಿಸಿ ಮೊದಲಿನಿಂದ ಮಾಡೋಣ, ಬೇರೆ ದಾರಿಯಿಲ್ಲ ಎಂದರು. ಆಗ ಇವರು ನಮಗೆ ಬರೆದರು.

ನಾವು ಬರೆದ ಉತ್ತರದ ಮೊದಲ ಸಾಲು, ‘ಅಳಿಸಬೇಡಿರಿ, ಇಂದೇ ನಕಲು ಮಾಡಿಕೊಳ್ಳಿರಿ’ ಎಂದಿತ್ತು. ಅವರು ಹಾಗೆಯೇ ಮಾಡಿ, ತರುವಾಯ ಪುಸ್ತಕವನ್ನು ಹಿಡಿದರು. ಹದಿನಾರು ಮುಂಜಾವುಗಳಲ್ಲಿ ನಾಲ್ಕು ಸಲ ಯಂತ್ರವು ಏಳಲಿಲ್ಲ. ನಾಲ್ಕು ಸಲವೂ ಬಯಾಸಿನ ಪಟ್ಟಿಯಲ್ಲಿ ಎಸ್.ಎಸ್.ಡಿ. ಕಾಣುತ್ತಿತ್ತು, ಕಾಣದಿದ್ದದ್ದು ಹಳೆಯ ಹಾರ್ಡ್‌ಡಿಸ್ಕು. ಮಧ್ಯಾಹ್ನದಲ್ಲಿ ಆರಿಸಿ ಕೂಡಲೆ ಹಚ್ಚಿದಾಗ ಒಮ್ಮೆಯೂ ತಪ್ಪಲಿಲ್ಲ.

ಇಲ್ಲಿ ಬುದ್ಧಿವಂತರಿಗೂ ಒಂದು ಸಂಶಯವು ಬರುವದು. ವಿಂಡೋಸ್ ಇರುವದು ಎಸ್.ಎಸ್.ಡಿ.ಯಲ್ಲಿ, ಹಾಡುಗಳಿರುವ ಡಿಸ್ಕು ಬಾರದಿದ್ದರೆ ಹಾಡುಗಳು ಸಿಕ್ಕಬಾರದೇ ಹೊರತು ಯಂತ್ರವೇಕೆ ಏಳಬಾರದು? ಉತ್ತರವು ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಪುಟದಲ್ಲಿತ್ತು. ಮೊದಲು ವಿಂಡೋಸ್ ಇದ್ದದ್ದು ಆ ಹಳೆಯ ಡಿಸ್ಕಿನಲ್ಲಿಯೇ. ಆ ಮೇಲೆ ಎಸ್.ಎಸ್.ಡಿ.ಯನ್ನು ತಂದು, ಎಲ್ಲ ಡಿಸ್ಕುಗಳೂ ಕೂಡಿಕೊಂಡಿರುವಾಗಲೇ ಅದರ ಮೇಲೆ ವಿಂಡೋಸನ್ನು ಹಾಕಿದ್ದರು. ಹೀಗೆ ಹಾಕುವಾಗ ವಿಂಡೋಸ್ ಹಳೆಯ ಡಿಸ್ಕಿನಲ್ಲಿ ಮೊದಲೇ ಇದ್ದ ಆರಂಭದ ತುಣುಕನ್ನೇ ಬಳಸಿಕೊಂಡು, ತಾನು ಮಾತ್ರ ಹೊಸದರಲ್ಲಿ ಕೂಡುವದುಂಟು. ಇ.ಎಫ್.ಐ. ಸಿಸ್ಟಮ್ ಪಾರ್ಟಿಶನ್ ಎಂದು ಆ ತುಣುಕಿನ ಹೆಸರು. ನಮ್ಮ ಶಾಲೆಯ ಮಾತಿನಲ್ಲಿ ಹೇಳುವದಾದರೆ, ತಡವಾಗಿ ಬರುವ ಹುಡುಗನ ಚೀಲದಲ್ಲಿಯೇ ಪ್ರಾರ್ಥನೆಯ ಪುಸ್ತಕವಿತ್ತು. ಶಾಲೆಯೆಲ್ಲ ಹಾಜರಿದ್ದರೂ ಪ್ರಾರ್ಥನೆಯು ಆರಂಭವಾಗುವದು ಹೇಗೆ? ಎಸ್.ಎಸ್.ಡಿ.ಯನ್ನು ಎಷ್ಟು ಸಲ ಬದಲಿಸಿದರೂ ಫಲವೇನು?

ಇದು ಊಹೆ. ಊಹೆಯನ್ನು ನಿಶ್ಚಯ ಮಾಡುವದಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕಗಳೆಂಬ ಎರಡು ಕಣ್ಣುಗಳಿವೆ. ಕಾರಣವಿದ್ದಲ್ಲಿ ಕಾರ್ಯವಿರುವದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವದು ವ್ಯತಿರೇಕ. ಹಳೆಯ ಡಿಸ್ಕು ಪಟ್ಟಿಯಲ್ಲಿ ಕಂಡ ದಿನಗಳಲ್ಲೆಲ್ಲ ಯಂತ್ರವು ಎದ್ದಿತ್ತು, ಇದು ಅನ್ವಯ. ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಆ ಡಿಸ್ಕಿನ ಕೇಬಲ್ಲನ್ನು ಬಿಚ್ಚಿ ಹಚ್ಚಿದಾಗ ಯಂತ್ರವು ಒಮ್ಮೆಯೂ ಏಳಲಿಲ್ಲ, ಇದು ವ್ಯತಿರೇಕ. ಅಲ್ಲಿಗೆ ಅರ್ಧ ಸಂಗತಿಯು ತೀರಿತು.

ಉಳಿದ ಅರ್ಧವೆಂದರೆ, ಆ ಡಿಸ್ಕು ತಡಮಾಡುವದೇಕೆ? ಅದರದೇ ದೋಷವೋ, ಕೇಬಲ್ಲಿನದೋ, ಎಸ್.ಎಂ.ಪಿ.ಎಸ್.ಸಿನದೋ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ನಾವು ಬರೆದೆವು. ಎರಡನ್ನು ಕೂಡಿ ಬದಲಿಸಿದರೆ ಗುಣವಾದರೂ ಯಾವದರಿಂದಾಯಿತೆಂದು ತಿಳಿಯದು. ಮೊದಲು ಕೇಬಲ್ಲನ್ನು ಬದಲಿಸಿದರು. ಮೂರನೆಯ ಮುಂಜಾನೆಯೇ ಯಂತ್ರವು ಮಲಗಿತು. ಕೇಬಲ್ಲು ನಿರ್ದೋಷಿ. ತರುವಾಯ ಹಳೆಯ ಡಿಸ್ಕನ್ನು ಹಾಗೆಯೇ ಇಟ್ಟು ಲೆಕ್ಕದ ಡಿಸ್ಕನ್ನು ಮಾತ್ರ ಬಿಚ್ಚಿಟ್ಟರು; ಹದಿನಾರು ಮುಂಜಾವು ಒಂದೂ ತಪ್ಪಲಿಲ್ಲ. ಒಬ್ಬನೇ ಇದ್ದಾಗ ಹೊತ್ತಿಗೆ ಸರಿಯಾಗಿ ಬರುವವನು ಇಬ್ಬರಾದಾಗ ತಡಮಾಡುತ್ತಾನೆಂದರೆ, ಇಬ್ಬರಿಗೂ ಸಾಲುವಷ್ಟು ಅನ್ನವಿಲ್ಲವೆಂದರ್ಥ. ಬಹುಕಾಲ ದುಡಿದ ಎಸ್.ಎಂ.ಪಿ.ಎಸ್.ಸಿನೊಳಗಿನ ಕೆಪ್ಯಾಸಿಟರುಗಳು ಒಣಗಿ ಬಲಗುಂದುವವು. ಅವು ತಣ್ಣಗಿರುವಾಗ ಇನ್ನೂ ಸೋಲುವವು. ಎರಡು ತಟ್ಟೆಗಳನ್ನೂ ಒಮ್ಮೆಗೇ ತಿರುಗಿಸುವ ಶಕ್ತಿಯು ಮುಂಜಾನೆಯ ಹೊತ್ತಿನಲ್ಲಿ ಅದಕ್ಕಿರಲಿಲ್ಲ. ಹೊಸ ಎಸ್.ಎಂ.ಪಿ.ಎಸ್. ತಂದು ಮೂರೂ ಡಿಸ್ಕುಗಳನ್ನು ಕೂಡಿಸಿದರು. ಹದಿನಾರು ಮುಂಜಾವು ಸರಿಯಾಗಿ ಎದ್ದಿತು.

ಕಂಬವನ್ನು ಹೂಳಿದವನು ಅದನ್ನು ಅಲುಗಾಡಿಸಿ ನೋಡಿ ಮತ್ತೆ ಬಡಿಯುವನು. ಇದು ಸ್ಥೂಣಾನಿಖನನ ನ್ಯಾಯ. ಅದರಂತೆ ಹಳೆಯ ಎಸ್.ಎಂ.ಪಿ.ಎಸ್.ಸನ್ನೇ ಇನ್ನೊಮ್ಮೆ ಹಾಕಿ ನೋಡಿರೆಂದು ಬರೆದೆವು. ಐದನೆಯ ಮುಂಜಾನೆ ಯಂತ್ರವು ಏಳಲಿಲ್ಲ. ಆಗ ಸಂಶಯಕ್ಕೆ ಎಡೆಯುಳಿಯಲಿಲ್ಲ. ಹೊಸದನ್ನು ಮರಳಿ ಹಾಕಿ, ಎಸ್.ಎಸ್.ಡಿ.ಯೊಂದನ್ನೇ ಕೂಡಿಸಿಟ್ಟು ವಿಂಡೋಸನ್ನು ಮತ್ತೆ ಸ್ಥಾಪಿಸಿದರು. ಆರಂಭದ ತುಣುಕೂ ಅದರಲ್ಲಿಯೇ ಬಂದು ಕೂತಿತು. ಕಡೆಗೆ ಉಳಿದೆರಡನ್ನೂ ಕೂಡಿಸಿದರು. ಇನ್ನು ಹಳೆಯ ಡಿಸ್ಕು ಬಂದರೂ ಬಾರದಿದ್ದರೂ ಯಂತ್ರವು ಏಳುವದು.

ಹದಿನಾರು ದಿನವೇ ಏಕೆ, ಮೂರು ದಿನ ಸಾಲದೇ ಎಂದು ಅವರು ನಡುವೆ ಕೇಳಿದ್ದರು. ಇದಕ್ಕೆ ಸಣ್ಣದೊಂದು ಲೆಕ್ಕವುಂಟು. ನಾಲ್ಕು ಸಲಕ್ಕೊಮ್ಮೆ ತೋರುವ ದೋಷವು ಏನೂ ಮದ್ದು ಮಾಡದಿದ್ದರೂ ಮೂರು ದಿನ ಸುಮ್ಮನಿರುವ ಸಂಭವವು ನೂರಕ್ಕೆ ೪೨. ಹತ್ತು ದಿನ ಸುಮ್ಮನಿರುವ ಸಂಭವವು ನೂರಕ್ಕೆ ಆರರೊಳಗೆ ಬರುವದು. ಹದಿನಾರು ದಿನಕ್ಕೆ ನೂರಕ್ಕೆ ಒಂದು ಮಾತ್ರ. ಆದದರಿಂದ ದೋಷವು ಎಷ್ಟು ದಿನಕ್ಕೊಮ್ಮೆ ತೋರುವದೋ ಅದರ ನಾಲ್ಕು ಪಟ್ಟು ದಿನ ಕಾದು ನೋಡಿ ಗುಣವಾಯಿತೆನ್ನಬೇಕು. ಗುಣವಾಗಿಲ್ಲವೆನ್ನಲು ಇಷ್ಟು ಕಾಯಬೇಕಾಗಿಲ್ಲ. ಒಂದೇ ಸಲ ತಪ್ಪಿದರೂ ಸಾಕು.

ಕೆಲವು ಎಚ್ಚರದ ಮಾತುಗಳು. ಪೆಟ್ಟಿಗೆಗೆ ಕೈಯಿಕ್ಕುವ ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತಿರಬೇಕು. ಗುಂಡಿಯನ್ನು ಆರಿಸಿದ್ದರೂ ಪ್ಲಗ್ಗು ಇರುವವರೆಗೆ ಒಳಗೆ ೫ ವೋಲ್ಟಿನ ಪ್ರವಾಹವು ಇದ್ದೇ ಇರುವದು. ಎಸ್.ಎಂ.ಪಿ.ಎಸ್.ಸನ್ನು ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಪ್ರಾಣಾಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರಹತ್ತಿದರೆ ಯಾವ ಪರೀಕ್ಷೆಯನ್ನೂ ಮಾಡದೆ, ಮತ್ತೆ ಮತ್ತೆ ಹಚ್ಚದೆ, ಅದನ್ನು ಬಲ್ಲವರಲ್ಲಿಗೆ ಒಯ್ಯಬೇಕು. ಪೆನ್‌ಡ್ರೈವೊಂದನ್ನು ಮರೆತು ಯಂತ್ರಕ್ಕೆ ಚುಚ್ಚಿಟ್ಟು, ಅದರಲ್ಲಿ ಆರಂಭದ ತುಣುಕನ್ನು ಹುಡುಕುತ್ತ ಯಂತ್ರವು ನಿಲ್ಲುವದೂ ಉಂಟು. ಮೊದಲು ಅದನ್ನು ನೋಡಿರಿ.

ನಾವಿರುವ ಬಾಗಲಕೋಟೆಯಲ್ಲಿ ನಕಲಿನ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಹಳೆಯ ಊರಿನ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. ಅಲ್ಲಿಯ ಮನೆಗಳನ್ನು ಬಿಟ್ಟ ಕುಟುಂಬಗಳು ನವನಗರಕ್ಕೆ ಬಂದು ನೆಲೆಸಿದವು. ಮುಳುಗಿದ ಮನೆಯ ತಲೆಬಾಗಿಲು, ಪಡಸಾಲೆ, ಅಂಗಳದ ತುಳಸಿಯ ಕಟ್ಟೆ, ಇವೆಲ್ಲ ಹಲವರಿಗೆ ಚಿತ್ರಗಳಲ್ಲಿ ಮಾತ್ರ ಉಳಿದಿವೆ. ಆ ಚಿತ್ರಗಳನ್ನು ಮತ್ತೊಮ್ಮೆ ತೆಗೆಯಲಾಗದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಶಕ ೫೦೦ರಲ್ಲಿ, ಎಂದರೆ ಕ್ರಿ.ಶ. ೫೭೮ರಲ್ಲಿ, ಕೊರೆಯಿಸಿದ ಶಾಸನವನ್ನು ಇಂದಿಗೂ ಓದಬಹುದು. ಡಿಸ್ಕನ್ನು ಮಾಡಿದವರೇ ಅದಕ್ಕೆ ಎರಡರಿಂದ ಐದು ವರ್ಷಗಳ ಹೊಣೆಯನ್ನು ಮಾತ್ರ ಹೊರುವರು. ಕಲ್ಲಿಗೆ ಒಂದೇ ಪ್ರತಿ ಸಾಕಾಯಿತು, ಡಿಸ್ಕಿಗೆ ಸಾಲದು. ಬೇಕಾದದ್ದರ ಮೂರು ಪ್ರತಿಗಳಿರಲಿ. ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳ ಮೇಲಿರಲಿ. ಒಂದು ಪ್ರತಿಯು ಬೇರೆ ಮನೆಯಲ್ಲಿಯೋ ಬೇರೆ ಊರಿನಲ್ಲಿಯೋ ಇರಲಿ.

ಇಳಕಲ್ಲಿನ ಗೃಹಸ್ಥರು ತಾಯಿಯ ಪದಗಳ ಒಂದು ಪ್ರತಿಯನ್ನು ತಮ್ಮಲ್ಲಿಯೂ, ಒಂದನ್ನು ಮದುವೆಯಾಗಿ ಗುಳೇದಗುಡ್ಡಕ್ಕೆ ಹೋದ ತಂಗಿಯ ಮನೆಯಲ್ಲಿಯೂ ಇಟ್ಟಿರುವರು. ಮೂರನೆಯದು ಆ ಹಳೆಯ ಡಿಸ್ಕಿನಲ್ಲಿಯೇ ಇದೆ. ತಂಗಿಯು ಅದನ್ನು ಕೇಳುತ್ತ, ತಾನು ಮರೆತಿದ್ದ ಎರಡು ಪದಗಳನ್ನು ಮತ್ತೆ ಕಲಿತಳೆಂದು ಕಡೆಯ ಪತ್ರದಲ್ಲಿ ಬರೆದಿರುವರು. ಅಲಮತಿವಿಸ್ತರೇಣ.